ಮೂರು ಕಾಲಿನ ಸಾಕ್ಷಿ

ತಬಿತಮ್ಮ ನನ್ನ ಮೇಲೆ ಕುಳಿತು ಎಮ್ಮೆಯ ಹಾಲು ಕರೆಯುತ್ತಿದ್ದಳು. ಎಮ್ಮೆ ಆಗಷ್ಟೇ ಸೊರ ಬಿಟ್ಟು ಹಾಲಿಳಿಸಿತ್ತು, ಚರಿಗೆಯಲ್ಲಿ ಧಾರೆ ಸರ್ ಸರ್ ಎನ್ನುತ್ತಿತ್ತು. ಅಷ್ಟರಲ್ಲಿ ಥೆಯೋಫಿಲ ಪಾದ್ರಿಗಳು ಒಂದು ಕೆನ್ನೆಗೆ ಸೋಪಿನ ನೊರೆ ಬಳಿದುಕೊಂಡೇ ಹಿತ್ತಲಿಗೆ ಓಡಿಬಂದರು.

“ತಬಿತಾ, ಏಳು ಏಳು. ನೀ ಕುಂತ ಮಣಿ ಬೇಕು.”

“ಈಗ ಎದ್ರ ಎಮ್ಮಿ ಒದಿತೈತ್ರೀ ಅಯ್ಯನೋರ. ಮಣಿ ತಗೊಂಡು ಏನ್ ಮಾಡ್ತೀರಿ, ಚರ್ಚಿನ್ಯಾಗ ಹಾಲು ಕರಿತೀರೇನು?”

“ಇವತ್ತು ದೇವರನ್ನ ತಿಳಿಸಿ ಹೇಳಬೇಕವ್ವಾ.”

“ಕರದ ಮ್ಯಾಲೆ ತಿಳಿಸ್ರಿ. ದೇವರು ಕಾಯ್ತಾನ, ಎಮ್ಮಿ ಕಾಯಂಗಿಲ್ಲ.”

ಪಾದ್ರಿಗಳು ನಕ್ಕು, ನೊರೆ ಒಣಗುವವರೆಗೆ ಗೋಡೆಗೆ ಒರಗಿ ನಿಂತರು. ಆ ಬೆಳಗ್ಗೆ ಎಮ್ಮೆ ಒದ್ದು ನನ್ನ ಕಾಲು ಮುರಿದಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ನಾನು ಒಂದು ಮಣೆ. ಬಳ್ಳಾರಿ ಸೀಮೆಯ ಒಂದು ದಂಡಿನ ಊರಿನಲ್ಲಿ, ಮುರಿದ ಗಾಡಿಯ ಜಾಲಿ ಮರದಿಂದ ಹುಟ್ಟಿದೆ. ನನ್ನನ್ನು ಮಾಡಿದವನು ಮೌನಪ್ಪ ಬಡಿಗ. ತಬಿತಮ್ಮ ನಾಲ್ಕು ಕಾಲು ಕೇಳಿದಾಗ ಅವನು ಮರ ಕೆತ್ತುವ ಬಾಚಿಯನ್ನು ಕೆಳಗಿಟ್ಟು, “ನಿಮ್ಮ ಹಿತ್ತಲ ನೆಲ ತಗ್ಗು ದಿಣ್ಣೆ ಐತಿ. ನಾಲ್ಕು ಕಾಲಿನದು ಕುಂಟತೈತಿ. ಮೂರಿದ್ರ ಎಲ್ಲಿಟ್ರೂ ಕುಂಟಂಗಿಲ್ಲ” ಅಂದ. ಆ ಮಾತಿನಿಂದ ನನಗೆ ಬಹಳ ದಿನ ಜಂಬವಿತ್ತು.

ಪಾದ್ರಿಗಳ ಬಂಗಲೆಯಲ್ಲಿ ಬೆಳಗ್ಗೆ ಸಂಜೆ ನಾನು ತಬಿತಮ್ಮನ ಆಸನ, ನಡುವಿನ ಹೊತ್ತು ನಹೂಮನ ಪಾಠಶಾಲೆ. ನಹೂಮನ ತಾಯಿ ಚರ್ಚು ಗುಡಿಸುತ್ತಿದ್ದವಳು, ಪ್ಲೇಗಿನಲ್ಲಿ ತೀರಿಕೊಂಡಳು. ಮಗುವನ್ನು ಥೆಯೋಫಿಲ ಪಾದ್ರಿಗಳೇ ಸಾಕಿದರು. ನನ್ನ ಬೆನ್ನಿನ ಮೇಲೆ ಮರಳು ಹರಡಿ, ಅವನ ಬೆರಳು ಹಿಡಿದು ಅಕ್ಷರ ತಿದ್ದಿಸಿದರು. ಸಣ್ಣ ಬೆರಳು, ಬಿಸಿ ಬೆರಳು. ತಪ್ಪಾದರೆ ಮರಳನ್ನು ಅಂಗೈಯಿಂದ ಒರೆಸಿ, “ಮತ್ತೊಮ್ಮೆ ಬರಿಯೋ ಮಾರಾಯ, ಮರಳಿಗೇನು ಬರಗಾಲ” ಅನ್ನುತ್ತಿದ್ದರು. ಅವನು ಬೆಳೆದ, ಬೆಂಗಳೂರಿಗೆ ಹೋಗಿ ದೇವಶಾಸ್ತ್ರ ಓದಿದ, ಬಿಳಿ ಅಂಗಿ ತೊಟ್ಟು ಅವರಿಗೇ ಸಹಾಯಕ ಪಾದ್ರಿಯಾಗಿ ಬಂದ. ಅಂದಿನಿಂದ ಅವನು ನನಗೆ ನಹೂಮ ಅಲ್ಲ, ನಹೂಮಯ್ಯ.

ಈಗ ಆ ಭಾನುವಾರದ ಮಾತು. ಅದು ತ್ರಯೇಕ ದೇವರ ಭಾನುವಾರ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ ನಂಬಿಕೆಯನ್ನು ಸಾರುವ ದಿನ. ಇಂಗ್ಲೆಂಡಿನಿಂದ ಬಂದ ನಮ್ಮ ಆಂಗ್ಲಿಕನ್ ಸಭೆಯಲ್ಲಿ ಆ ದಿನ ಒಂದು ಉದ್ದನೆಯ ವಿಶ್ವಾಸಪ್ರಮಾಣವನ್ನು ಎಲ್ಲರೂ ನಿಂತು ಹೇಳಬೇಕೆಂಬ ಕಟ್ಟಳೆ ಇತ್ತು. ಇದನ್ನು ಹೀಗೇ ನಂಬದವರು ಎಂದೆಂದಿಗೂ ನಾಶವಾಗುತ್ತಾರೆ ಎಂಬ ಮಾತು ಅದರಲ್ಲಿ ಬರುತ್ತದೆ.

ಆ ವಾರವೇ ತಬಿತಮ್ಮ ಹಾಲು ಕರೆಯುತ್ತಾ ಪಾದ್ರಿಗಳನ್ನು ಕೇಳಿದ್ದಳು. “ನಮ್ಮವ್ವ ಯೇಸುಸ್ವಾಮಿ ಹೆಸರು ಕೇಳದಽ ಸತ್ತಳು. ಹೊಲದಾಗ ದುಡದು, ಇದ್ದ ರೊಟ್ಟಿ ನಮಗಿಟ್ಟು, ಹಸದು ಸತ್ತಳು. ಆಕಿನೂ ಸುಡ್ತಾಳೇನ್ರೀ?” ಪಾದ್ರಿಗಳು ಎಮ್ಮೆಯ ಬೆನ್ನು ಸವರುತ್ತಾ ನಿಂತಿದ್ದರು, ಅಷ್ಟೆ.

ಉತ್ತರವನ್ನು ಅವರು ಭಾನುವಾರ ಕೊಟ್ಟರು. ಪ್ರಮಾಣ ಹೇಳುವಾಗ ನಾಶದ ಸಾಲು ಬಂದಲ್ಲೆಲ್ಲ ಬಾಯಿ ಮುಚ್ಚಿಕೊಂಡು ನಿಂತರು. ಪಾದ್ರಿಯೇ ನಿಲ್ಲಿಸಿದ ಮೇಲೆ ಜನವೂ ನಿಲ್ಲಿಸಿತು. ಒಬ್ಬನ ಧ್ವನಿ ಮಾತ್ರ ಒಂಟಿಯಾಗಿ ಕೊನೆಯವರೆಗೆ ಹೋಯಿತು. ಅದು ನಹೂಮಯ್ಯನದು.

ಆಮೇಲೆ ಪಾದ್ರಿಗಳು ನನ್ನನ್ನು ಪೀಠದ ಮೆಟ್ಟಿಲ ಮೇಲಿಟ್ಟರು. ಕಾಲಿಗೆ ಸಗಣಿ ಮೆತ್ತಿತ್ತು, ನಾಚಿಕೆಯಾಯಿತು. “ನೋಡ್ರಿ, ಕಾಲು ಮೂರು, ಮಣಿ ಒಂದು. ಒಂದು ಕಾಲು ತಗದ್ರ ಮಣಿ ಇಲ್ಲ. ಮೂರು ಹೆಂಗ ಒಂದಾಗತೈತಿ ಅಂತ ಕೇಳ್ತೀರಲ್ಲ, ಹಿಂಗ!” ಎಂದು ನನ್ನ ಮೇಲೆ ಕುಳಿತೇಬಿಟ್ಟರು. ಜನ ನಕ್ಕಿತು. ತಬಿತಮ್ಮ ಹಿಂದಿನ ಸಾಲಿನಿಂದ ನನ್ನನ್ನು ಹೆತ್ತವಳ ಹಾಗೆ ನೋಡಿದಳು. ನನಗೂ ಮೈ ಉಬ್ಬಿತು. ಮಣೆಗೆ ಅಂಥ ಯೋಗ ಎಲ್ಲಿ ಬರುತ್ತದೆ ಹೇಳಿ?

ಮಧ್ಯಾಹ್ನ ನಹೂಮಯ್ಯ ಊಟ ಮಾಡಲಿಲ್ಲ. ಬಿಷಪ್ಪರಿಗೆ ಒಂದು ದೂರು ಬರೆದು, ಗೇಟಿನ ಎದುರಿನ ಕೆಂಪು ಡಬ್ಬಿಗೆ ಹಾಕಿ ಬಂದ. ಹೊಟ್ಟೆಕಿಚ್ಚಿನಿಂದ ಬರೆದನೆಂದರೆ ನನ್ನ ಮೈ ಸೀಳಿಹೋದೀತು. ಸಾಕಿದ ತಂದೆ ಜನರನ್ನು ದಾರಿ ತಪ್ಪಿಸುತ್ತಿದ್ದಾರೆಂದು ಅವನಿಗೆ ನಿಜವಾಗಿ ದಿಗಿಲಾಗಿತ್ತು.

ಸಂಜೆ ಹಿತ್ತಲಲ್ಲಿ ಜಗಳ. ಪಾದ್ರಿಗಳು ನನ್ನ ಮೇಲೆ ಕುಳಿತಿದ್ದರು, ಅವನು ನಿಂತಿದ್ದ.

“ಕಾಲು ಅಂದ್ರ ಮಣಿಯ ಭಾಗ, ಅಯ್ಯಾ. ದೇವರಿಗೆ ಭಾಗ ಇಲ್ಲ. ಮಗ ಮೂರರಾಗಿನ ಒಂದು ಪಾಲಲ್ಲ, ಪೂರ್ತಿ ದೇವರು. ನೀವು ದೇವರನ್ನ ತುಂಡು ಮಾಡಿದ್ರಿ.”

“ಹಂಗಾರ ತಬಿತಾಗ ನೀ ಹೆಂಗ ತಿಳಿಸ್ತಿ?”

“ತಿಳಿಸೋದಲ್ಲ, ನಂಬೋದು. ದೇವರೇ ತೋರಿಸಿಕೊಟ್ಟ ಸತ್ಯಕ್ಕ ನಮ್ಮ ಬುದ್ಧಿಯ ಗಜಕಡ್ಡಿ ಹಿಡೀಬಾರದು.”

“ತಲಿ ಕೊಟ್ಟಾವನೂ ಅವನಽ ಅಲ್ಲೇನೋ? ಬರೇ ಟೋಪಿ ಇಡಾಕ ಕೊಟ್ಟಾನೇನು?”

ನಹೂಮಯ್ಯ ನಗಲಿಲ್ಲ. ಪಾದ್ರಿಗಳು ಬಗ್ಗಿ ನನ್ನ ಒಂದು ಕಾಲನ್ನು ಹಿಡಿದು ನೋಡಿದರು. ಆಮೇಲೆ ಸ್ಪಷ್ಟವಾಗಿ, ಮೂರು ಹೊಲದಾಚೆ ಕೇಳುವ ಹಾಗೆ, “ನಾಶದ ಸಾಲು ಮಾತ್ರ ನಾ ಹೇಳಂಗಿಲ್ಲ. ಆದ್ರ ಮಣಿ ವಿಷಯದಾಗ ನಿನ್ನ ಮಾತು ಖರೆ. ನಾ ತಪ್ಪಿದೆ. ಮಗ ಪೂರ್ತಿ ದೇವರು, ಪಾಲಲ್ಲ. ಮುಂದಿನ ವಾರ ಎಲ್ಲಾರ ಮುಂದಽ ತಿದ್ದಿಕೊಂತೀನಿ, ಆತಿಲ್ಲೋ?” ಅಂದರು.

ನಹೂಮಯ್ಯನ ಮುಖ ಬೂದಿಯಾಯಿತು. ಕಾಗದ ಆಗಲೇ ಡಬ್ಬಿಯಲ್ಲಿತ್ತು. ಹೇಳಿಬಿಡಲು ಬಾಯಿ ತೆರೆದ. ಅಷ್ಟರಲ್ಲಿ ಪಾದ್ರಿಗಳು ಅವನ ಭುಜ ತಟ್ಟಿ, “ಚಲೋ ಓದಿ ಬಂದೀಯಪಾ. ಬಾ, ಉಣ್ಣು” ಅಂದರು. ಅವನು ಬಾಯಿ ಮುಚ್ಚಿದ. ಅನ್ನದ ಮುಂದೆ ಎಷ್ಟು ಸತ್ಯಗಳು ಹೀಗೆ ಬಾಯಿ ಮುಚ್ಚಿಕೊಂಡಿವೆಯೋ.

ಮುಂದಿನ ಭಾನುವಾರ ಬರುವ ಮುಂಚೆಯೇ ಬಿಷಪ್ಪರ ತಂತಿ ಬಂತು. ವಿಚಾರಣೆ ಮುಗಿಯುವ ತನಕ ಥೆಯೋಫಿಲ ಪಾದ್ರಿಗಳು ಪೀಠ ಹತ್ತಕೂಡದು. ಹೀಗಾಗಿ ತಿದ್ದಿಕೊಂಡ ಮಾತನ್ನು ಕೇಳಿದವರು ಇಬ್ಬರೇ ಉಳಿದೆವು, ನಹೂಮಯ್ಯ ಮತ್ತು ನಾನು.

ವಿಚಾರಣೆಗೆ ಬಿಷಪ್ಪರ ಪರವಾಗಿ ಬಂದ ಆರ್ಚ್‌ಡೀಕನ್ ದೊರೆ ಬಿಳಿಯ, ಕೆಟ್ಟವನಲ್ಲ. ನನ್ನನ್ನು ಮೇಜಿನ ಮೇಲೆ ಸಾಕ್ಷಿಯಾಗಿ ಕೂರಿಸಿದರು. ದೊರೆಯ ನಾಲ್ಕು ಕಾಲಿನ ಕುರ್ಚಿ ಚರ್ಚಿನ ಕಲ್ಲುಹಾಸಿನ ಮೇಲೆ ಕುಂಟುತ್ತಿತ್ತು. ಅವನು ಹಿಂದೆ ವಾಲಿದಾಗೊಮ್ಮೆ ಟಕ್, ಮುಂದೆ ವಾಲಿದಾಗೊಮ್ಮೆ ಟಕ್. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ.

“ಆ ಸಾಲುಗಳ ಬಗ್ಗೆ ನಮ್ಮ ದೇಶದಲ್ಲಿಯೂ ದೊಡ್ಡ ಪಾದ್ರಿಗಳು ಜಗಳ ಮಾಡುತ್ತಾರೆ,” ಎಂದು ದೊರೆ ಪುಸ್ತಕದ ಕನ್ನಡದಲ್ಲಿ ಹೇಳಿದ. “ಬುದ್ಧಿ ಮೊದಲೋ, ದೈವಪ್ರಕಟನೆ ಮೊದಲೋ ಎಂದು ಹೊಡೆದಾಡುತ್ತಾರೆ. ಅದಕ್ಕೆ ಎಚ್ಚರಿಕೆ ಕೊಟ್ಟು ಬಿಡಬಹುದು. ಆದರೆ ದೇವರನ್ನು ಭಾಗ ಮಾಡಿ ಬೋಧಿಸಿ, ತಿದ್ದಿಕೊಳ್ಳದೆ ಇರುವುದನ್ನು ಬಿಡಲಾಗದು. ನೀವು ತಿದ್ದಿಕೊಂಡಿರೋ?”

“ತಿದ್ದಿಕೊಂಡೀನಿ. ಅದಽ ದಿನ ಸಂಜೀಕ. ಕೇಳಿದಾವ ಇಲ್ಲೇ ನಿಂತಾನ.”

ದೊರೆ ತಿರುಗಿದ. “ನಹೂಮರೇ, ಇದು ಸತ್ಯವೋ?”

ಹೌದು ಎಂದಿದ್ದರೆ, ದೂರು ಹಾಕಿದ ಸಂಜೆಯೇ ದೂರಿಗೆ ಬುಡವಿಲ್ಲದಂತಾಗಿತ್ತು, ತಿಳಿದೂ ಸುಮ್ಮನಿದ್ದೆ ಎಂದು ಎಲ್ಲರ ಮುಂದೆ ಒಪ್ಪಿಕೊಂಡ ಹಾಗೆ. ಆ ನಾಚಿಕೆಗೆ ಅವನು ಹೆದರಿದ. ಅವನು ನನ್ನನ್ನೇ ನೋಡುತ್ತಾ ಹೇಳಿದ.

“ನಾನು ಕೇಳಿಲ್ಲ.”

ದೊರೆಯ ಕುರ್ಚಿ ಸಹ ಸದ್ದು ನಿಲ್ಲಿಸಿತು. ಥೆಯೋಫಿಲ ಪಾದ್ರಿಗಳು ಅವನನ್ನು ಒಂದು ಗಳಿಗೆ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡರು. “ಹಂಗಾರ ನಾನಽ ಮೆಲ್ಲಕ ಹೇಳಿರಬೇಕು, ದೊರಿ. ಗೊಣಗೋದು ನನ್ನ ಚಾಳಿ” ಅಂದರು.

ಮರಕ್ಕೆ ಬಾಯಿಲ್ಲ, ನಿಜ. ಆದರೆ ಎಲ್ಲರ ಕಣ್ಣೂ ನನ್ನ ಮೇಲೇ ಇದ್ದಾಗ, ಮೇಜಿನಿಂದ ಉರುಳಿ ಬಿದ್ದಾದರೂ ಸದ್ದು ಮಾಡಬಾರದಿತ್ತೇ ಅಂತ ಇವತ್ತಿಗೂ ಒಳಗೆ ಕೊರೆಯುತ್ತದೆ. ಎಲ್ಲಿಟ್ಟರೂ ಅಲ್ಲಾಡದ ನನ್ನ ಗುಣವೇ ಆ ದಿನ ನನಗೆ ಶಾಪವಾಯಿತು.

ಯೇಸುವಿನ ಕಡೆಯ ಊಟದ ನೆನಪಿಗೆ ಪ್ರಭುಭೋಜನದ ರೊಟ್ಟಿ ಮುರಿದು ಹಂಚುವ ಅಪ್ಪಣೆಯನ್ನು ಅವರಿಂದ ಕಿತ್ತುಕೊಂಡರು. ಪಾದ್ರಿಗೆ ಅದು ಹೋದರೆ ಕೈ ಇದ್ದೂ ಇಲ್ಲದಂತೆ. ಅವರು ಒಂದು ಟ್ರಂಕು ಹಿಡಿದು ಕೊಪ್ಪಳದ ಕಡೆ ತಂಗಿಯ ಹಳ್ಳಿಗೆ ಹೊರಟರು. ಹೊರಡುವಾಗ ನನ್ನ ಬೆನ್ನು ತಟ್ಟಿ, “ಇದು ನಹೂಮಗ ಇರಲಿ. ಅಕ್ಷರ ಕಲ್ತ ಜಾಗ” ಅಂದರು. ತಬಿತಮ್ಮ ಚರಿಗೆಯನ್ನು ಅಂಗಳದಲ್ಲಿ ಬೋರಲು ಹಾಕಿದಳು. “ಆ ಮಣಿ ಮ್ಯಾಲೆ ಇನ್ನ ನಾ ಕುಂದ್ರಂಗಿಲ್ಲ, ಈ ಮನಿ ಎಮ್ಮೀನೂ ಕರಿಯಂಗಿಲ್ಲ” ಎಂದು ಹೊರಟುಹೋದಳು.

ಬಂಗಲೆ ನಹೂಮಯ್ಯನದಾಯಿತು, ನಾನೂ ಅವನ ಪಾಲಾದೆ. ದೇವರನ್ನು ತಿಳಿಯಲು ನಾನು ಸಾಲುತ್ತೇನೋ ಇಲ್ಲವೋ ಪಂಡಿತರು ಹೇಳಲಿ. ನನ್ನ ಮೇಲೆ ಕೂತವರನ್ನು ಮಾತ್ರ ತೂಕದಿಂದ ಬಲ್ಲೆ. ಅವನು ತಿನ್ನುವುದು ಕಡಿಮೆಯಾಯಿತು, ಆದರೂ ನನಗೆ ಭಾರ ಹೆಚ್ಚಾಯಿತು.

ವರ್ಷಕ್ಕೊಮ್ಮೆ ಆ ಭಾನುವಾರ ಬರುತ್ತಿತ್ತು. ಅವನು ಉದ್ದನೆಯ ಪ್ರಮಾಣವನ್ನು ಒಂದಕ್ಷರ ಬಿಡದೆ ಹೇಳಿಸುತ್ತಿದ್ದ. ನಾಶದ ಸಾಲು ಹತ್ತಿರ ಬಂದಾಗ ತಬಿತಮ್ಮ ಹಿಂದಿನ ಸಾಲಿನಿಂದ ಎದ್ದು, ಹೊರಗೆ ಬೇವಿನ ಮರದ ಕೆಳಗೆ ಕುಳಿತು, ಅದು ಮುಗಿದ ಮೇಲೆ ಒಳಗೆ ಬರುತ್ತಾಳೆಂದು ಅಡುಗೆಯವನು ಹೇಳುತ್ತಿದ್ದ. ಅವತ್ತು ಮಧ್ಯಾಹ್ನ ನಹೂಮಯ್ಯ ನನ್ನ ಮೇಲೆ ಗೋಡೆಗೆ ಮುಖ ಮಾಡಿ ಕುಳಿತು ಬಿಷಪ್ಪರಿಗೆ ನಿಜ ಒಪ್ಪಿಕೊಳ್ಳುವ ಕಾಗದ ಬರೆಯುತ್ತಿದ್ದ. ನಾಲ್ಕು ಸಾಲು ಬರೆದು ಎದ್ದುಹೋಗಿ ಬಚ್ಚಲ ಒಲೆಗೆ ಹಾಕುತ್ತಿದ್ದ. ಮೊದಮೊದಲು, ಸಭೆಯ ಮಾನ ಹೋಗುತ್ತದೆ ಎಂಬ ನೆಪ. ಆಮೇಲೆ, ಹಳೇ ಬಿಷಪ್ಪರು ಹೋಗಿ ಹೊಸಬರು ಬಂದರು, ಅವರಿಗೇನು ಗೊತ್ತು ಎಂಬ ನೆಪ. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ನಮ್ಮದೂ ಸೇರಿ ಹಲವು ಕ್ರೈಸ್ತ ಸಭೆಗಳು ಕೂಡಿ ಒಂದಾದವು. ನಮ್ಮ ಚರ್ಚಿನಲ್ಲಿ ಆ ಉದ್ದನೆಯ ಪ್ರಮಾಣವನ್ನು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ ಎಂಬಂತಾಯಿತು. ಆಗ ಅವನಿಗೆ ಎಲ್ಲಕ್ಕಿಂತ ದೊಡ್ಡ ನೆಪ ಸಿಕ್ಕಿತು. ಜಗಳವೇ ಸತ್ತಿದೆ, ಇನ್ನು ಕಾಗದ ಯಾರಿಗೆ?

ಆ ಹೊತ್ತಿಗೆ ನಾನೂ ಮುರಿದಿದ್ದೆ. ಗಡಿಯಾರಕ್ಕೆ ಕೀಲಿ ಕೊಡಲು ನಹೂಮಯ್ಯ ನನ್ನ ಮೇಲೆ ಹತ್ತಿದಾಗ ಒಂದು ಕಾಲು ಬುಡದಲ್ಲೇ ಲಟ್ಟೆಂದಿತು, ಅವನ ಮೊಣಕಾಲೂ ಜಜ್ಜಿತು. ನನ್ನನ್ನು ಮುಂದಿನ ಪಡಸಾಲೆಯ ಮೂಲೆಗೆ ಒರಗಿಸಿದರು. ಒಂದು ಕೋಳಿ ನನ್ನ ಮರೆಯಲ್ಲಿ ಮೊಟ್ಟೆ ಇಡಲು ಶುರುಮಾಡಿತು. ಗೇಟೂ ಕೆಂಪು ಡಬ್ಬಿಯೂ ಎದುರಿಗೇ ಕಾಣುತ್ತಿದ್ದವು.

ಒಂದು ದಿನ ಬೆಳಗ್ಗೆ ಆ ಗೇಟು ದಾಟಿ ತಬಿತಮ್ಮ ಬಂದಳು. ಬೆನ್ನು ಬಿಲ್ಲಾಗಿತ್ತು, ನಾಲಿಗೆ ಹಾಗೇ ಇತ್ತು.

“ಕೊಪ್ಪಳದ ಕಡೆ ಹೋಗಿದ್ನೆಪ್ಪಾ. ಅಯ್ಯನೋರನ್ನ ನೋಡ್ಕೊಂಡು ಬಂದೆ.”

ನಹೂಮಯ್ಯನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. “ಹೆಂಗದಾರ?”

“ಎಪ್ಪತ್ತು ದಾಟ್ಯಾವ. ಕಡೀ ಸಾಲಿನ್ಯಾಗ ಕುಂದ್ರತಾರ. ಆ ಹಳ್ಳಿಗೆ ಪಾದ್ರಿ ವರ್ಷಕ್ಕೆರಡು ಸಲ ಬಂದ್ರ ಪುಣ್ಯ. ಮೊನ್ನೆ ಒಬ್ಬ ಮುದುಕ ಸಾಯೂಮುಂದ ಪ್ರಭುವಿನ ರೊಟ್ಟಿ ಬೇಡಿದ. ಅಯ್ಯನೋರು ಪಕ್ಕದಾಗಽ ಕುಂತಿದ್ರು. ಅಪ್ಪಣಿ ಇಲ್ಲಲ್ಲ, ಬರೇ ಕೈ ಹಿಡ್ಕೊಂಡು ಕುಂತ್ರು. ಅವ ಹಂಗಽ ಹೋದ.” ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. “ನೀ ಬಿದ್ದ ಸುದ್ದಿ ಅವರಿಗೂ ಮುಟ್ಟೈತಿ. ನಿನ್ನ ಕೇಳಿದ್ರು. ನಹೂಮನ ಮೊಣಕಾಲು ಹೆಂಗೈತಿ ಅಂತ.”

ಅವನು ಲೋಟ ಕೆಳಗಿಟ್ಟ. ಮಗುವಿನ ಹಾಗೆ, “ಅವರು ತಿದ್ದಿಕೊಂಡಿದ್ರು, ತಬಿತಾ. ನಾ ಕೇಳಿದ್ದೆ” ಅಂದ.

“ಗೊತ್ತೈತಿ ತಗೊ. ಅವತ್ತು ಸಂಜೀಕ ಅಯ್ಯನೋರು ಹೇಳಿದ್ದು ಕೊಟ್ಟಿಗಿ ತನಕಾ ಕೇಳಿಸಿತ್ತು.”

“ಮತ್ತ ನೀ ಯಾಕ ದೊರಿ ಮುಂದ ಹೇಳಲಿಲ್ಲ?”

“ಹೇಳಾಕಂತ ಹೊಂಟಿದ್ದೆ. ಅಯ್ಯನೋರು ಬ್ಯಾಡ ಅಂದ್ರು. ಅದು ಹುಡುಗನ ಮಾತು, ಅವನಽ ಹೇಳಲಿ, ಹೇಳ್ತಾನ ಅಂದ್ರು. ಇನ್ನೂ ಹಂಗಽ ಅಂತಾರ ಮುದುಕರು.”

ಅಂದರೆ ಕೇಳಿದವರು ಇಬ್ಬರಲ್ಲ, ಮೂವರು! ನನಗದು ಆವತ್ತೇ ತಿಳಿದದ್ದು.

ನಹೂಮಯ್ಯ ಮೂಲೆಗೆ ಬಂದ. ಕೋಳಿಯನ್ನು ಓಡಿಸಿ, ನನ್ನನ್ನು ಎತ್ತಿಕೊಂಡು, ನೆಲದ ಮೇಲೆ ಕಾಲು ಮಡಿಚಲಾಗದೆ ನೀಡಿಕೊಂಡು ಕುಳಿತ. ಎರಡು ಕಾಲಿನ ನಾನು ಅವನ ತೊಡೆಯ ಮೇಲೆ ಮಲಗಿದೆ. ನನ್ನ ಬೆನ್ನಿನ ಮೇಲೆ ಕಾಗದ ಇಟ್ಟು ಬರೆದ. ಮರಳಿನಲ್ಲಿ ಬರೆಯುತ್ತಿದ್ದ ಅದೇ ಬೆರಳು. ಈಗ ತಣ್ಣಗಿತ್ತು.

“ಓದು,” ಅಂದಳು ತಬಿತಮ್ಮ.

ಅವನು ಓದಿದ. “ಥೆಯೋಫಿಲ ಅಯ್ಯನವರು ಅದೇ ದಿನ ಸಂಜೆ ತಮ್ಮ ಮಾತನ್ನು ತಿದ್ದಿಕೊಂಡರು. ನಾನು ಕಿವಿಯಾರೆ ಕೇಳಿದೆ. ವಿಚಾರಣೆಯಲ್ಲಿ ಕೇಳಿಲ್ಲವೆಂದೆ. ಅದು ಸುಳ್ಳು. ಅವರ ಅಪ್ಪಣೆಯನ್ನು ಅವರಿಗೆ ಮರಳಿಸಿ, ನನ್ನದನ್ನು ತೆಗೆದುಕೊಳ್ಳಬೇಕೆಂದರೆ ತೆಗೆದುಕೊಳ್ಳಿರಿ.”

“ಇಷ್ಟಽ?” ಅಂದಳು ಅವಳು. “ಇಷ್ಟಕ್ಕ ಇಷ್ಟು ವರ್ಷ ಬೇಕಾತೇನು?”

ಅವನು ಲಕೋಟೆ ಅಂಟಿಸಿ ಗೋಡೆ ಹಿಡಿದು ಏಳಲು ಹೋದ. ಅವಳು ಕೈಯಿಂದ ಕಿತ್ತುಕೊಂಡಳು. “ನೀ ಕುಂದ್ರು. ಡಬ್ಬಿ ತನಕಾ ಹೋಗೂದ್ರಾಗ ನಿನಗ ಮತ್ತೊಂದು ನೆಪ ಹೊಳಿತೈತಿ.”

ನಾವಿಬ್ಬರೂ ನೋಡುತ್ತಾ ಉಳಿದೆವು, ಅವನು ನೆಲದ ಮೇಲೆ, ನಾನು ಅವನ ತೊಡೆಯ ಮೇಲೆ. ಹೊರಗೆ ಬಿಸಿಲು ಬಂಡೆಗಳ ಮೇಲೆ ಸುರಿಯುತ್ತಿತ್ತು. ಮುದುಕಿ ರಸ್ತೆ ದಾಟಿದಳು. ತುದಿಗಾಲಲ್ಲಿ ನಿಂತು ಕಾಗದವನ್ನು ಕೆಂಪು ಡಬ್ಬಿಯ ಬಾಯಿಗೆ ಹಾಕಿದಳು. ಆಮೇಲೆ ಬೆರಳನ್ನೂ ಒಳಗೆ ತೂರಿಸಿ, ಅದು ಎಲ್ಲಾದರೂ ಸಿಕ್ಕಿಕೊಂಡಿದೆಯೋ ಅಂತ ತಡಕಿ ನೋಡಿದಳು. ಅದು ಡಬ್ಬಿಯ ತಳ ಸೇರಿತ್ತು.