ಅಕ್ಕನ ಬಾಬ್ತು

ಹಣಕಾಸು ಇಲಾಖೆಯಲ್ಲಿ ಎಲ್ಲರೂ ಅವನನ್ನು ಕತ್ತರಿ ಸಾಹೇಬರು ಎನ್ನುತ್ತಿದ್ದರು. ಯಾರು ಎಷ್ಟೇ ಅನುದಾನ ಕೇಳಲಿ, ಅದರಲ್ಲೊಂದಿಷ್ಟು ಕತ್ತರಿಸದೆ ಕಡತ ಅವನ ಮೇಜು ದಾಟುತ್ತಿರಲಿಲ್ಲ. ಆ ಅಡ್ಡಹೆಸರಿಗೆ ಸಿಟ್ಟಾಗುವುದಿರಲಿ, ಒಳಗೊಳಗೇ ಹಿಗ್ಗುತ್ತಿದ್ದ ಮಹಾರಾಯ.

ಆ ವರ್ಷ ವ್ಯಾಪಾರ ಬಿದ್ದುಹೋಗಿ ತೆರಿಗೆ ಸೊರಗಿತ್ತು. ಖರ್ಚು ಇಳಿಸಿ ಎಂದು ಮೇಲಿನಿಂದ ಅಪ್ಪಣೆಯಾಯಿತು. ಬಜೆಟ್ಟಿನ ಪುಟ ತಿರುವುತ್ತ ಬಂದವನ ಕೈ ಶಾಲಾ ಸಮವಸ್ತ್ರದ ಬಾಬ್ತಿನ ಮೇಲೆ ನಿಂತಿತು. ಆ ಬಟ್ಟೆಯಲ್ಲಿ ಒಂದು ಪಾಲನ್ನು ಹೊಲಿಯುತ್ತಿದ್ದದ್ದು ಅವನ ಒಡಹುಟ್ಟಿದ ಅಕ್ಕನ ಹೊಲಿಗೆ ಶೆಡ್ಡು. ಅಕ್ಕ ಟೆಂಡರಿನಲ್ಲಿ ನ್ಯಾಯವಾಗಿ ಗೆದ್ದ ಕೆಲಸ; ಇವನು ಯಾರ ಹತ್ತಿರವೂ ಒಂದು ಮಾತು ಆಡಿದವನಲ್ಲ. ಆದರೂ ನಾಳೆ ಯಾರಾದರೂ, ಅಕ್ಕನದೆಂದು ಉಳಿಸಿಕೊಂಡ ಎಂದರೆ? ಆ ಯೋಚನೆ ಬಂದದ್ದೇ ತಡ, ಬಟ್ಟೆ ಎರಡು ವರ್ಷಕ್ಕೊಮ್ಮೆ ಕೊಟ್ಟರೆ ಸಾಕೆಂದು ಬರೆದು ಸಹಿ ಹಾಕಿದ. ಉಳಿದ ಬಾಬ್ತುಗಳನ್ನು ದಿನಗಟ್ಟಲೆ ಅಳೆದು ತೂಗಿದವನು ಇದನ್ನು ಮಾತ್ರ ಚಹಾ ಆರುವಷ್ಟರಲ್ಲಿ ಮುಗಿಸಿದ. ಆ ದಿನ ನೆಮ್ಮದಿಯಾಗಿ ನಿದ್ದೆಯನ್ನೂ ಮಾಡಿದ.

ಕೆಲವು ವಾರ ಕಳೆದು ಶೆಡ್ಡಿಗೆ ಹೋದಾಗ ಮೆಷಿನ್ನುಗಳಿಗೆಲ್ಲ ಮುಸುಕು ಬಿದ್ದಿತ್ತು. ಅಕ್ಕ ಒಬ್ಬಳೇ ಟೇಪು ಕೊರಳಿಗೆ ಹಾಕಿಕೊಂಡು ಯಾರದೋ ಪರದೆ ಬಟ್ಟೆ ಅಳೆಯುತ್ತಿದ್ದಳು.

"ಏನಕ್ಕ, ಸದ್ದೇ ಇಲ್ಲ?"

"ಸದ್ದೆಲ್ಲ ನೀನೇ ಉಳಿತಾಯ ಮಾಡಿದೆಯಲ್ಲೋ, ಖಜಾನೇಲಿ ಹುಡುಕು, ಸಿಗುತ್ತೆ."

"ಹಾಗಲ್ಲಕ್ಕ. ಸರ್ಕಾರ ಸಾಲ ಮಾಡ್ತಾನೇ ಹೋದ್ರೆ ಬಡ್ಡಿ ಕಟ್ಟೋರು ಯಾರು? ದುಡ್ಡು ಸಿಕ್ಕಾಪಟ್ಟೆ ಚೆಲ್ಲಿದ್ರೆ ಬೆಲೇನೂ ಏರುತ್ತೆ."

"ಕತ್ತರಿಸಬೇಡ ಅಂತ ನಾನೆಲ್ಲಿ ಹೇಳ್ದೆ? ಒಂದೇ ಒಂದು ಮಾತು ಹೇಳು. ನಾನು ನಿನ್ನ ಅಕ್ಕ ಅಲ್ದೆ ಇದ್ದಿದ್ರೆ, ಇದಕ್ಕೆ ಕೈ ಹಾಕ್ತಿದ್ದೆಯಾ?"

ಅವನು ಗಡಿಯಾರ ನೋಡಿಕೊಂಡು ಎದ್ದ.

ಹೊರಗೆ ಬಂದರೆ, ಹೊಲಿಗೆಯ ಹೆಂಗಸರಿಂದಲೇ ನಡೆಯುತ್ತಿದ್ದ ಎದುರಿನ ಚಹಾದಂಗಡಿಯವನು ನೊಣ ಹೊಡೆಯುತ್ತ ಕೂತಿದ್ದ. ಪಕ್ಕದ ನೂಲು-ಗುಂಡಿಯ ಅಂಗಡಿ ಹಾಡುಹಗಲೇ ಬಾಗಿಲು ಎಳೆದುಕೊಂಡಿತ್ತು. ಸರ್ಕಾರದ ಖರ್ಚು ಒಬ್ಬರ ಸಂಪಾದನೆ, ಅವರ ಖರ್ಚು ಇನ್ನೊಬ್ಬರ ಸಂಪಾದನೆ, ಹೀಗೆ ಕೈಯಿಂದ ಕೈಗೆ ಹೋಗಿ ಅದರಲ್ಲೊಂದು ಪಾಲು ತೆರಿಗೆಯಾಗಿ ಖಜಾನೆಗೇ ಬರುತ್ತದೆ. ವ್ಯಾಪಾರ ಮಂಕಾದಾಗ ಇಂಥದಕ್ಕೆ ಕೈ ಹಾಕುವ ಮುಂಚೆ ನೂರು ಸಲ ಯೋಚಿಸಬೇಕು. ಹೊಸದಾಗಿ ಸೇರಿದವರಿಗೆ ಈ ಪಾಠ ಹೇಳುತ್ತಿದ್ದವನು ಅವನೇ. ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆಯೇ ಇಲಾಖೆಯ ಮುಖ್ಯಸ್ಥೆಯ ಮುಂದೆ ಹೋಗಿ ನಿಂತ.

"ಮೇಡಂ, ಸಮವಸ್ತ್ರದ ಬಾಬ್ತನ್ನ ಬೇರೆ ಯಾರಾದ್ರೂ ನೋಡ್ಲಿ. ಅದರಲ್ಲಿ ನಮ್ಮಕ್ಕನ ಶೆಡ್ಡೂ ಇದೆ. ಜನ ಏನಂತಾರೋ ಅಂತ ಹೆದರಿ, ಹಿಂದೆ ಮುಂದೆ ನೋಡ್ದೇನೆ ಕತ್ತರಿಸಿಬಿಟ್ಟೆ."

ಆಕೆ ಕನ್ನಡಕ ತೆಗೆದು ಅವನನ್ನೇ ನೋಡಿದರು. "ನಿಮಗೆ ಅಕ್ಕ ಇದ್ದಾರೆ ಅನ್ನೋದೇ ಇಲ್ಲಿ ಯಾರಿಗೂ ಗೊತ್ತಿಲ್ಲವಲ್ರೀ!"

ಕಡತ ಇನ್ನೊಬ್ಬ ಅಧಿಕಾರಿಯ ಮೇಜಿಗೆ ಹೋಯಿತು. ಆತ ಲೆಕ್ಕ ಹಾಕಿ ನೋಡಿ, ಅತಿಥಿಗೃಹದ ಹೊಸ ಅಮೃತಶಿಲೆಯ ನೆಲ ಇನ್ನೆರಡು ವರ್ಷ ಕಾಯಲಿ, ಮಕ್ಕಳ ಬಟ್ಟೆ ಕಾಯುವುದು ಬೇಡ ಎಂದು ಬರೆದ. ಆದೇಶ ಹೊರಬಿದ್ದ ಕೂಡಲೇ ಕತ್ತರಿ ಸಾಹೇಬರು ಮನೆಗೂ ಹೋಗದೆ ಸೀದಾ ಶೆಡ್ಡಿಗೆ ಓಡಿದರು.

ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಮುಖ ಅರಳಲಿಲ್ಲ.

"ಒಳ್ಳೇದಾಯ್ತು ಬಿಡು. ಆದ್ರೆ ಗುಂಡಿಗೆ ಕಾಜಾ ಹೊಲಿಯೋಳು ಊರೇ ಬಿಟ್ಟು ಹೋದ್ಲು ಕಣೋ. ಕೆಲಸ ಇಲ್ದೆ ಎಷ್ಟು ದಿನ ಅಂತ ಕೂರ್ತಾಳೆ? ಮಗಳನ್ನ ಶಾಲೆಯಿಂದ ಬಿಡಿಸ್ಕೊಂಡೇ ಹೋದ್ಲು. ಆ ಮಗೂಗೂ ಈ ಬಟ್ಟೇನೇ ಬರ್ತಿತ್ತು."

ಅವನು ಜೇಬಿನಿಂದ ಪೆನ್ನು ತೆಗೆದ. "ವಿಳಾಸ ಇದೆಯಾ ಅಕ್ಕ? ನಾನೇ ಹೋಗಿ ಕರೀತೀನಿ."

"ಇದ್ದಿದ್ರೆ ನೀನು ಬರ್ಲಿ ಅಂತ ಕಾಯ್ತಾ ಕೂತಿರ್ತಿದ್ನಾ?" ಎಂದಳು ಅಕ್ಕ.