ಹದಿನೇಳನೇ ನಂಬರಿನ ಬಸ್ಸು

ಮಧ್ಯಾಹ್ನ ಎರಡೂವರೆಗೇ ಹಾರ್ಲನ್ ಕಣಿವೆಯಲ್ಲಿ ದೀಪ ಹಾಕುವಷ್ಟು ಕತ್ತಲಾಗಿತ್ತು. ಕಾಡಿನ ಬೆಂಕಿ ಮೊಬೈಲ್ ಟವರನ್ನು ನುಂಗಿತ್ತು. ಹನ್ನೊಂದು ಮಕ್ಕಳನ್ನು ಶಾಲೆಯ ಬಸ್ಸಿನಲ್ಲಿ ಕೂರಿಸಿಕೊಂಡು ಬೆಟ್ಟದಿಂದ ಹೊರಟ ನನ್ನ ತಂಗಿ ಆಡ್ರಾ ಇನ್ನೂ ಕೆಳಗಿಳಿದಿರಲಿಲ್ಲ.

ನಾನು ಪಕ್ಕದ ಮನೆಯ ವರ್ಲಿನ್ ಹತ್ತಿರ ಓಡಿದೆ. ರಸ್ತೆ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದ ಮುದುಕ. ಅವರ ಬಳಿ ಹಳೆಯ ರೇಡಿಯೋ ಸ್ಕ್ಯಾನರ್ ಇತ್ತು. ಅದರಲ್ಲಿ ಬೇರೆಯವರ ವೈರ್‌ಲೆಸ್ ಮಾತು ಕೇಳಬಹುದು, ನಾವು ಮಾತಾಡುವಂತಿಲ್ಲ.

"ಪೊಲೀಸರದ್ದು ಹಾಕಿ," ಎಂದೆ.

"ಅವರು ಡಿಜಿಟಲ್ ಆಗಿ ಮೂರು ವರ್ಷ ಆಯ್ತು ಕಣಮ್ಮಾ. ಈ ಡಬ್ಬಕ್ಕೆ ಬರೀ ಗೊರಗೊರ."

"ಮತ್ತೆ ಇದನ್ನ ಯಾಕೆ ಇಟ್ಕೊಂಡಿದೀರಿ, ಶೋಕಿಗಾ?"

"ಕೈಯಲ್ಲಿ ಕಾಸಿಲ್ಲದೋರು ಇನ್ನೂ ಹಳೇ ತರಂಗದಲ್ಲೇ ಇದಾರೆ. ರಸ್ತೆಯೋರು, ಬಸ್ಸಿನೋರು. ಎಲ್ಲಿದಾರೆ ಅಂತ ಹುಡುಕ್ಬೇಕಷ್ಟೆ."

ಸ್ಕ್ಯಾನರನ್ನು ನೂರೈವತ್ತೊಂದರಿಂದ ನೂರ ಅರವತ್ತು ಮೆಗಾಹರ್ಟ್ಸ್‌ವರೆಗೆ ಹುಡುಕಲು ಬಿಟ್ಟರು. ಅಂಕಿಗಳು ಓಡಿದವು. ನೀರಿನ ಪಂಪು ತಾನಾಗಿ ಕಳಿಸುವ ಸಂಕೇತದ ಕೀಚಲು ಸದ್ದಿಗೆ ನಿಂತವು. ವರ್ಲಿನ್ ಶಪಿಸುತ್ತಾ ಅದನ್ನು ದಾಟಿಸಿದರು. ಮತ್ತೆ ನಿಂತಾಗ ರಸ್ತೆ ಕೆಲಸದವನ ದನಿ: "ಕಲ್ಲುಗಣಿ ರಸ್ತೆಯ ಗೇಟ್ ಮುರಿದಿದೀವಿ. ದಾರಿ ಖುಲ್ಲಾ." ವರ್ಲಿನ್ ಆ ಅಂಕಿಯನ್ನು ಅಂಗೈಯಲ್ಲಿ ಬರೆದುಕೊಂಡರು.

ನೂರೈವತ್ತೈದು ದಾಟುತ್ತಿದ್ದಂತೆ ಆಡ್ರಾ ಸಿಕ್ಕಳು.

"ಗ್ಯಾರೇಜ್, ಹದಿನೇಳನೇ ಬಸ್ಸು. ಸೇತುವೆ ಉರೀತಿದೆ. ಯಾವ ಕಡೆ ಹೋಗ್ಲಿ? ಯಾರಾದ್ರೂ ಇದೀರಾ?"

ಅವಳು ಕರೆಯುತ್ತಿದ್ದ ಬಸ್ ಗ್ಯಾರೇಜಿನವರನ್ನು ಬೆಳಿಗ್ಗೆಯೇ ಊರು ಬಿಡಿಸಿದ್ದರು.

"ಕಲ್ಲುಗಣಿ ರಸ್ತೆ ಕಣೇ!" ಎಂದು ಡಬ್ಬಕ್ಕೆ ಕಿರುಚಿದೆ.

"ಅವಳಿಗೆ ಕೇಳ್ಸಲ್ಲಮ್ಮಾ," ಎಂದರು ವರ್ಲಿನ್.

ಅವಳು ಇನ್ನೆರಡು ಸಲ ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟು ಮಕ್ಕಳ ಹೆಸರುಗಳನ್ನು ಒಂದೊಂದಾಗಿ ಹೇಳತೊಡಗಿದಳು, ಯಾರಿಗಾದರೂ ಗೊತ್ತಿರಲಿ ಎನ್ನುವಂತೆ. ನಾನು ಡಬ್ಬದ ಮುಂದೆ ಕೂತು ಬೆರಳಲ್ಲಿ ಎಣಿಸಿದೆ.

"ಗ್ಯಾರೇಜಿನ ವೈರ್‌ಲೆಸ್ ಸೆಟ್ಟಿಗೆ ಬ್ಯಾಟರಿ ಇರತ್ತೆ, ಅದ್ರಲ್ಲಿ ಮಾತಾಡ್ಬೋದು. ಏಳು!" ವರ್ಲಿನ್ ನನ್ನ ತೋಳು ಹಿಡಿದೆಳೆದರು.

ಅವರ ಟ್ರಕ್ಕು ಹೊಗೆಯಲ್ಲಿ ಎರಡು ಸಲ ರಸ್ತೆ ತಪ್ಪಿತು. ತೊಡೆಯ ಮೇಲಿನ ಸ್ಕ್ಯಾನರಿನಲ್ಲಿ ರಸ್ತೆಯವನು ಹೇಳಿದ: "ಗಣಿ ಕಡೆಗೂ ಬೆಂಕಿ ಬರ್ತಿದೆ. ಇನ್ನು ಇಪ್ಪತ್ತು ನಿಮಿಷ, ಅಷ್ಟೇ."

ಗ್ಯಾರೇಜಿನ ಕಿಟಕಿಯನ್ನು ಟ್ರಕ್ಕಿನ ಜಾಕ್ ರಾಡಿನಿಂದ ಒಡೆದು ಒಳಗೆ ತೂರಿದೆ. ಮೈಕಿನ ಗುಂಡಿ ಅದುಮಿದೆ.

"ಆಡ್ರಾ, ಕಲ್ಲುಗಣಿ ರಸ್ತೆಗೆ ತಿರುಗ್ಸು! ಗೇಟ್ ತೆಗೆದಿದೆ! ಆಡ್ರಾ! ಮಾತಾಡೇ!"

ಗುಂಡಿಯನ್ನು ಅದುಮಿಯೇ ಹಿಡಿದಿದ್ದೆ. ನಾನು ಅಳತೊಡಗಿದೆ.

"ಗುಂಡಿ ಬಿಡಮ್ಮಾ," ಎಂದರು ವರ್ಲಿನ್. "ಬಿಟ್ರೆ ತಾನೇ ಅವಳ ಮಾತು ಬರೋದು."

ಬಿಟ್ಟೆ.

"...ಅಕ್ಕಾ? ನೀನ್ಯಾಕೆ ಅಲ್ಲಿದೀಯ? ಊರು ಬಿಟ್ಟು ಹೋಗು ಅಂದಿರ್ಲಿಲ್ವಾ?"

"ಆಮೇಲೆ ಬೈಯುವಂತೆ. ಈಗ ತಿರುಗ್ಸು!"

ಆಮೇಲೆ ಇಪ್ಪತ್ತೈದು ನಿಮಿಷ ಅವಳ ದನಿಯಿಲ್ಲ.

ಬಸ್ಸು ಬಂದಾಗ ಒಂದು ಪಕ್ಕದ ಹಳದಿ ಬಣ್ಣವೆಲ್ಲ ಗುಳ್ಳೆಯೆದ್ದಿತ್ತು. ಮಕ್ಕಳು ಕೆಮ್ಮುತ್ತಾ ಇಳಿದರು, ಹನ್ನೊಂದೂ ಜನ. ಆಡ್ರಾ ಮಾತ್ರ ಸ್ಟಿಯರಿಂಗ್ ಬಿಡಲಿಲ್ಲ. ವರ್ಲಿನ್ ಒಳಗೆ ಹತ್ತಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.