ಅಮೃತಮ್ಮ ಹಿಡಿದಿಟ್ಟ ಜಾಗ

ಗೋಡೆಗೆ ಆನಿಸಿ ಕೂರಿಸಿದ್ದ ಅಮೃತಮ್ಮನ ದೇಹ ಮತ್ತೆ ಬಲಕ್ಕೆ ವಾಲತೊಡಗಿತ್ತು. ತಮ್ಮನ ಹೆಂಡತಿ ಮಾಳಮ್ಮ ಒಂದು ಕೈಯಿಂದ ಹೆಗಲು ಹಿಡಿದು, ಇನ್ನೊಂದರಿಂದ ಪಕ್ಕೆಗೆ ತಲೆದಿಂಬು ತುರುಕುತ್ತಿದ್ದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ ಖಾಜಾ ಕೈಯಲ್ಲಿ ಹಾರ ಹಿಡಿದುಕೊಂಡು ಏನು ಮಾಡಬೇಕೆಂದು ತಿಳಿಯದೆ ನಿಂತ.

“ಹಾರ ಆಮ್ಯಾಲ ಹಾಕ್ರಿ. ಮೊದ್ಲ ಈ ಕಡಿಂದ ಒಂಚೂರು ಒತ್ತಿ ಹಿಡೀರಿ” ಎಂದಳು ಮಾಳಮ್ಮ.

ಖಾಜಾ ಒತ್ತಿ ಹಿಡಿದ. ವರ್ಷಗಟ್ಟಲೆ ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡಿದ್ದರೂ ಅವನು ಅಮೃತಮ್ಮನನ್ನು ಮುಟ್ಟಿದ್ದು ಅದೇ ಮೊದಲು. ಹಣೆಯ ತುಂಬ ವಿಭೂತಿ ಬಳಿದಿದ್ದರು. ಕಾರ್ಖಾನೆಯ ತಣ್ಣನೆಯ ಕಂಪ್ಯೂಟರ್ ಕೋಣೆಯಲ್ಲಿ ಬೇಸಗೆಯಲ್ಲೂ ಹೊದೆಯುತ್ತಿದ್ದ ಕಂದು ಶಾಲು ಈಗ ಮೈಮೇಲೆ ಇರಲಿಲ್ಲ. ಅದಿಲ್ಲದೆ ಆಕೆ ಬೇರೆ ಯಾರೋ ಆಗಿ ಕಂಡಳು.

ಹೊರಗೆ ಚಿತ್ತಾಪುರದ ಬಿಸಿಲು ಆಗಲೇ ಏರಿತ್ತು. ಅಂಗಳದಲ್ಲಿ ಗಂಡಸರು ದೇಹವನ್ನು ಕೂರಿಸಿ ಹೊರುವ ವಿಮಾನ ಕಟ್ಟುತ್ತಿದ್ದರು. ಒಂದು ಕುರ್ಚಿಗೆ ಬಿದಿರು ಬಿಗಿದು, ನಾಲ್ಕು ಮೂಲೆಗೆ ಬಾಳೆಕಂಬ ಸುತ್ತುತ್ತಿದ್ದರು. ಹಿಟ್ಟಿನ ಗಿರಣಿ ನಡೆಸುತ್ತಿದ್ದ ತಮ್ಮ ಸಂಗಣ್ಣ ಖಾಜಾನನ್ನು ಕಟ್ಟೆಯ ಮೇಲೆ ಕೂರಿಸಿ ತಾನೂ ಪಕ್ಕದಲ್ಲಿ ಕೂತ.

“ಒಂದು ಮಾತು ಕೇಳ್ತೀನ್ರಿ. ನಮ್ಮಕ್ಕ ಅಲ್ಲಿ ಏನ್ ಕೆಲಸಾ ಮಾಡ್ತಿದ್ಲು? ಮಂದಿ ಕೇಳಾಕತ್ತಾರ, ನಂಗ ಹೇಳಾಕ ಬರವಲ್ದು. ಅಕಿನ್ನ ಕೇಳಿದ್ರ, ಜಾಗಾ ಹಿಡಿದಿಡೋ ಕೆಲಸಾ ಅಂತಿದ್ಲು.”

“ಖರೇನೇ ಹೇಳ್ಯಾರ್ರಿ” ಎಂದ ಖಾಜಾ. “ಬಸ್ಸಿನ ಖಿಡಕಿಯೊಳಗಿಂದ ಸೀಟಿನ ಮ್ಯಾಲ ಟವೆಲ್ ಒಗೀತೀವಲ್ರಿ, ಹಂಗ. ಕಂಪ್ಯೂಟರಿನ ಮೆಮೊರಿಯಾಗ ಜಾಗಾ ಭಾಳ ಕಮ್ಮಿ. ಅದಕ್ಕ ಅದು ಒಂದು ಪ್ರೋಗ್ರಾಂ ಎಬ್ಬಿಸಿ ಡಿಸ್ಕಿಗೆ ಕಳಸ್ತದ, ಆ ಜಾಗಾದಾಗ ಇನ್ನೊಂದನ್ನ ಕುಂಡ್ರಸ್ತದ. ಆದ್ರ ಕಿಲ್ನ್ ಅಂದ್ರ ಸಿಮೆಂಟ್ ಸುಡೋ ಭಟ್ಟಿ, ಅದರ ಬಿಸಿ ಅಳೆಯೋ ಕಾರ್ಡ್ ಒಂದದ ನೋಡ್ರಿ, ಅದು ಯಾರನ್ನೂ ಕೇಳಲ್ಲ. ಮೊದ್ಲು ತೋರಿಸಿದ ಜಾಗಕ್ಕ ಸೀದಾ ಹೋಗಿ ಅಂಕಿ ಬರೀತದ. ಅಷ್ಟರಾಗ ಅಲ್ಲಿ ಬ್ಯಾರೆ ಯಾರರೆ ಕುಂತಿದ್ರ, ಅವರ ಮ್ಯಾಲೇ ಬರೀತದ. ಅಕ್ಕ ಆ ಜಾಗಾದಿಂದ ಯಾರೂ ಎಬ್ಬಿಸದಂಗ ಬಂದೋಬಸ್ತ್ ಮಾಡ್ತಿದ್ರು.”

ಪಕ್ಕದ ಮನೆಯ ಮುದುಕಿ ಜಾನಬಿ ಹೊಸ್ತಿಲಲ್ಲಿ ಕೂತು ಕೇಳುತ್ತಿದ್ದಳು. “ಯಾ ಅಲ್ಲಾ! ಸೀಟು ಹಿಡಿಯೋದಕ್ಕ ಪಗಾರ ಕೊಡ್ತಾರೇನು?” ಎಂದು ನಕ್ಕುಬಿಟ್ಟಳು. ಮರುಗಳಿಗೆ ಒಳಗಿನ ದೇಹ ನೆನಪಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಸಂಗಣ್ಣನೂ ನಕ್ಕ. ಖಾಜಾ ಮಾತ್ರ ನಗಲಿಲ್ಲ.

* * *

ಅಮೃತಮ್ಮ ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಗುಲಬರ್ಗಾದಲ್ಲಿ ಗಣಿತ ಓದಿದಳು. ಸೇಡಂ ರಸ್ತೆಯ ಸಿಮೆಂಟ್ ಕಾರ್ಖಾನೆಯ ಲೆಕ್ಕಪತ್ರ ವಿಭಾಗ ಸೇರಿ, ಕಂಪ್ಯೂಟರ್ ಬಂದಾಗ ಹೈದರಾಬಾದಿಗೆ ಹೋಗಿ ತರಬೇತಿ ಪಡೆದಳು. ಅಲಮಾರಿಯಷ್ಟು ಎತ್ತರದ ಆ ಯಂತ್ರಕ್ಕೆ ಕಿಲ್ನಿನ ಕಾರ್ಡನ್ನು ಜೋಡಿಸಿದಾಗ, ಯಂತ್ರದ ಮೂಲ ವ್ಯವಸ್ಥೆಯೊಳಗೆ ಕೈಹಾಕಿ ಜಾಗ ಕಟ್ಟಿಹಾಕುವ ಪ್ರೋಗ್ರಾಂ ಸಾಲುಗಳನ್ನು ಬರೆದವಳು ಅವಳೇ.

ಖಾಜಾ ಆಮೇಲೆ ಬಂದವನು. ಸಿಮೆಂಟ್ ತುಂಬಿದ ರೈಲು ವ್ಯಾಗನ್ನುಗಳ ಚೀಟಿ ಮಾಡುವ ಪ್ರೋಗ್ರಾಂ ಅವನದು. ಮಧ್ಯಾಹ್ನ ಅವಳು ಜೋಳದ ರೊಟ್ಟಿ ಬಿಚ್ಚಿ, ಶೇಂಗಾ ಹಿಂಡಿ ಚಟ್ನಿಯನ್ನು ಅವನ ಕಡೆ ಸರಿಸುತ್ತಿದ್ದಳು. ಅವನ ತಾಯಿ ಹಮೀದಾಬಿ ಮಾಡಿದ ಬದನೆಕಾಯಿಯನ್ನು ಹೊಗಳಿ ತಿನ್ನುತ್ತಿದ್ದಳು. ಜಗಳ ಬಂದದ್ದು ಮೆಮೊರಿಗಾಗಿ.

“ಅರ್ಧ ಮೆಮೊರಿ ನೀವೇ ಹಿಡಕೊಂಡು ಕುಂತೀರಿ ಅಕ್ಕಾ” ಎಂದ ಖಾಜಾ ಒಂದು ದಿನ. “ನನ್ನ ಪ್ರೋಗ್ರಾಂ ಡಿಸ್ಕಿಗೂ ಮೆಮೊರಿಗೂ ಓಡ್ಯಾಡಿ ಸಾಯಾಕತ್ತದ. ಸ್ಟೇಷನ್ದಾಗ ವ್ಯಾಗನ್ ಕಾಯಾಕತ್ತಾವ. ಕಾರ್ಡ್ ಬರದಾದ ಮ್ಯಾಲ ಜಾಗಾ ಬಿಡ್ಬೇಕಲ್ರಿ? ತೊಗೊಂಡಷ್ಟು ಸಲ ಬಿಡ್ಬೇಕು. ಹೈದರಾಬಾದ್ದಾಗ ನಿಮಗೂ ಅದನ್ನೇ ಕಲಿಸ್ಯಾರ.”

“ಬರದಾತು ಅಂತ ಅದು ಹೇಳಲ್ಲೋ ತಮ್ಮಾ. ಹೇಳೋ ವೈರು ಕಂಪನಿಯವರು ಕೂಡಿಸೇ ಇಲ್ಲ. ಬರ್ಯಾಕತ್ತದೋ ಬಿಟ್ಟದೋ ಹ್ಯಾಂಗ ತಿಳೀಬೇಕು? ತಿಳೀದ ಜಾಗಾ ಬಿಟ್ರ ಆಗಬಾರದ್ದು ಆಗ್ತದ.”

“ಅಂದ್ರ ಎಂದೂ ಬಿಡಲ್ಲೇನು?”

“ವೈರು ಬರಲಿ, ಬಿಡ್ತೀನಿ.”

ವೈರಿಗಾಗಿ ಅವಳು ಕಾರ್ಖಾನೆಯ ಸಾಹೇಬರನ್ನು ಎಷ್ಟೋ ಸಲ ಕೇಳಿದ್ದಳು. ಬರಲಿಲ್ಲ. ಖಾಜಾ ಅದೇ ಸಾಹೇಬರ ಬಳಿ ಹೋಗಿ ಅವಳ ಮೇಲೆ ದೂರು ಹೇಳಿದ. ಅಂದಿನಿಂದ ಹಿಂಡಿಯ ಡಬ್ಬಿ ಅವನ ಕಡೆ ಸರಿಯಲಿಲ್ಲ. ಕೆಲಸದ ಮಾತಷ್ಟೇ ಉಳಿಯಿತು.

ಅಮೃತಮ್ಮ ಕಿಡ್ನಿಯ ಬೇನೆಯಿಂದ ಗುಲಬರ್ಗಾದ ಆಸ್ಪತ್ರೆ ಸೇರಿದ ವಾರದಲ್ಲೇ ಖಾಜಾ ಅವಳ ಸಾಲುಗಳನ್ನು ನಿಲ್ಲಿಸಿ ತನ್ನವನ್ನು ಬರೆದ. ಕಾರ್ಡಿಗೆ ಇಷ್ಟು ಹೊತ್ತು ಸಾಕು ಎಂದು ಅಳೆದು, ಅದು ಕಳೆದೊಡನೆ ಜಾಗ ಬಿಡುವ ಹಾಗೆ ಮಾಡಿದ. ವ್ಯಾಗನ್ ಚೀಟಿಗಳು ಸರಸರನೆ ಬಂದವು. ಸಾಹೇಬರು ಬೆನ್ನು ತಟ್ಟಿದರು.

ಅವನು ಆಸ್ಪತ್ರೆಗೆ ಹೋಗಿ ಹೇಳಿಯೂ ಬಂದ. ಮುಚ್ಚಿಡುವ ಸ್ವಭಾವ ಅವನದಲ್ಲ.

“ಕಿಲ್ನ್ ಭಾಳ ಕಾಯ್ದಾಗ ಆ ಕಾರ್ಡ್ ತಡಾ ಮಾಡ್ತದ” ಎಂದಳು ಅಮೃತಮ್ಮ. ಮುಖ ಊದಿಕೊಂಡು ಮಾತು ನಿಧಾನವಾಗಿತ್ತು. “ಅಂಕಿ ಕುಣೀತಾವ. ಅದು ತಿರುಗಿ ತಿರುಗಿ ಓದ್ತದ. ನಿನ್ನ ಹೊತ್ತು ಸಾಲಲ್ಲ.”

“ಇಷ್ಟ್ ದಿನ ಸರಿಯಾಗೇ ನಡದದಕ್ಕಾ.”

“ನಡದಿದ್ರ ಆತು” ಎಂದು ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಸೋತದ್ದಕ್ಕೆ ಸಿಟ್ಟು ಬಂದಿದೆ ಎಂದುಕೊಂಡು ಖಾಜಾ ಬಸ್ಸು ಹತ್ತಿದ.

* * *

ಹಲಗೆ ಬಾರಿಸುವ ಸದ್ದು ಶುರುವಾಯಿತು. ದೇಹವನ್ನು ವಿಮಾನದಲ್ಲಿ ಕೂರಿಸಿ, ಎದೆಗೆ ಬಟ್ಟೆ ಸುತ್ತಿ ಬಿಗಿದರು. “ನೀವೂ ಹೆಗಲು ಕೊಡ್ರಿ. ನಿಮ್ಮ ಹೆಸರು ಭಾಳ ಹೇಳ್ತಿದ್ಲು” ಎಂದ ಸಂಗಣ್ಣ. ಖಾಜಾ ಹಿಂದಿನ ಬಿದಿರಿಗೆ ಹೆಗಲು ಕೊಟ್ಟ. ಓಣಿಯ ತಿರುವಿಗೆ ಬರುವಷ್ಟರಲ್ಲಿ ಕಾರ್ಖಾನೆಯ ಜೀಪು ಎದುರಾಯಿತು. ಚಾಲಕ ಅಂಬರಾಯ ಇಳಿದು, ಮೊದಲು ದೇಹಕ್ಕೆ ಕೈಮುಗಿದು, ಆಮೇಲೆ ಖಾಜಾನ ಪಕ್ಕ ನಡೆಯುತ್ತ ತಗ್ಗಿದ ದನಿಯಲ್ಲಿ ಹೇಳಿದ.

“ಸಾಹೇಬ್ರು ಈಗಿಂದೀಗ ಕರಕೊಂಬಾ ಅಂದಾರ. ಕಿಲ್ನಿನ ಬಿಸಿ ವ್ಯಾಗನ್ ಚೀಟ್ಯಾಗ ಬಂದದ, ವ್ಯಾಗನ್ ನಂಬರು ಕಿಲ್ನಿನ ಪರದೆ ಮ್ಯಾಲ ಬಂದಾವ. ಅದನ್ನ ನೋಡಿ ಬೆಂಕಿ ಇಳದದ ಅಂತ ತಿಳಕೊಂಡು ಇನ್ನಷ್ಟು ಕಲ್ಲಿದ್ದಲು ಹಾಕ್ಯಾರ. ಕಿಲ್ನಿನ ಹೊಟ್ಟಿ ಕೆಂಪಗ ಆಗ್ಯದ.”

“ಯಾರಿಗರೆ ಏನರೆ ಆತೇನು?”

“ಕಿಲ್ನ್ ಕಾಯೋ ಫಕೀರಸಾಬ ಕಣ್ಣಿಲೆ ನೋಡಿ ಬೆಂಕಿ ಕಡಿಮಿ ಮಾಡಿಸ್ಯಾನ. ಅವಂಗ ಮುಂಗೈ ಸುಟ್ಟದ. ಈಗ ಪರದಿ ನಂಬೂದೋ ಬ್ಯಾಡೋ ಯಾರಿಗೂ ತಿಳೀವಲ್ದು.”

ಖಾಜಾ ನಿಂತ. ಅವನು ನಿಂತದ್ದಕ್ಕೆ ವಿಮಾನವೂ ಜೋಲಿ ಹೊಡೆದು ನಿಂತಿತು. ಸಂಗಣ್ಣ ಹಿಂದಿರುಗಿ ಬಂದ. ವಿಷಯ ಕೇಳಿ ಅವನ ಮುಖ ಬಿಗಿಯಿತು.

“ಮಣ್ಣು ಕೊಡೋದಕ್ಕಿಂತ ದೊಡ್ಡದೇನ್ರಿ ಅದು? ಒಂದು ತಾಸು ತಡೀಲಿ.”

ನಾನೇ ಮಾಡಿದ್ದು ಎಂಬ ಮಾತು ಖಾಜಾನ ನಾಲಿಗೆಯ ತನಕ ಬಂದು ನಿಂತಿತು. ಹೆಂಗಸರ ಗುಂಪಿನಿಂದ ಮಾಳಮ್ಮ ಮುಂದೆ ಬಂದಳು.

“ಹೋಗ್ಲಿ ಬಿಡ್ರಿ. ನಮ್ಮ ಮಗಳ ಮದುವಿ ದಿನ ಅಕ್ಕಿಕಾಳು ಬೀಳೂದ್ರಾಗ ಇದೇ ಜೀಪು ಬಂದಿತ್ತು. ಅಕ್ಕಿಕಾಳು ಕೈಯಾಗ ಹಿಡಕೊಂಡೇ ಅಕ್ಕ ಹೋಗಿದ್ಲು. ನೀವು ಆವಾಗ್ನೂ ಹಿಂಗೇ ಸಿಟ್ಟಿಗೆದ್ದಿದ್ರಿ.”

ಸಂಗಣ್ಣ ಖಾಜಾನ ಬಿದಿರಿಗೆ ತಾನೇ ಹೆಗಲು ಕೊಟ್ಟ. ಹಲಗೆ ಮತ್ತೆ ಮೊಳಗಿತು.

* * *

ಖಾಜಾ ಮೊದಲು ಕಿಲ್ನಿನ ಹತ್ತಿರ ಹೋದ. ಧೂಳು ಹಿಡಿದ ಕಬ್ಬಿಣದ ಮೆಟ್ಟಿಲು ಹತ್ತಿ ಕಟಾಂಜನ ಹಿಡಿದು ನೋಡಿದ. ನಿಧಾನವಾಗಿ ಸುತ್ತುವ ಆ ದೊಡ್ಡ ಕೊಳವೆಯ ಮೈಮೇಲೆ ಹಿಟ್ಟು ನಾದುವ ಪರಾತದಷ್ಟು ಅಗಲದ ಕೆಂಪು ಕಲೆಯೊಂದು ಮೇಲೇರಿ, ಆಚೆ ಇಳಿದು ಮರೆಯಾಗಿ, ಮತ್ತೆ ಏರುತ್ತಿತ್ತು.

“ಒಳಗಿನ ಇಟ್ಟಂಗಿ ಬಿದ್ದಾವ” ಎಂದ ಫಕೀರಸಾಬ. ಅವನ ಮುಂಗೈಗೆ ಹಸಿ ಬಟ್ಟೆ ಸುತ್ತಿದ್ದರು. “ಕಿಲ್ನ್ ತಣ್ಣಗ ಮಾಡಿ ಹೊಸಾವು ಕಟ್ಟಬೇಕು. ಅಲ್ಲಿತನಕ ಅಂಕಿ ಸರಿ ಬರಲಿ ತಮ್ಮಾ. ಒಮ್ಮಿಗೇ ತಣ್ಣಗಾದ್ರ ಕೊಳವಿನೇ ಬಾಗ್ತದ.”

ಕಂಪ್ಯೂಟರ್ ಕೋಣೆಯಲ್ಲಿ ಸಾಹೇಬರು ನಿಂತಿದ್ದರು. ಖಾಜಾ ಅವರ ಕಡೆ ನೋಡದೆ ಕೂತ. ತನ್ನ ಸಾಲುಗಳನ್ನು ಅಳಿಸಿದ. ಅಮೃತಮ್ಮನವು ಕೆಳಗೇ ಇದ್ದವು, ಅವನ್ನು ಮತ್ತೆ ಚಾಲೂ ಮಾಡಿದ. ಯಂತ್ರ ನಿಂತು, ತಿರುಗಿ ಶುರುವಾಯಿತು. ಕಾರ್ಡಿನ ಜಾಗ ಬಂದೋಬಸ್ತಾಯಿತು. ಪರದೆಯ ಮೇಲೆ ಕಿಲ್ನಿನ ಬಿಸಿ ಮೂಡಿತು. ಅಂಬರಾಯ ಓಡಿಹೋಗಿ ಫಕೀರಸಾಬನನ್ನು ಕೇಳಿ ಬಂದ. ಅವನ ಅಂದಾಜಿಗೂ ಅಂಕಿಗೂ ತಾಳೆಯಿತ್ತು.

“ವ್ಯಾಗನ್ ಚೀಟಿ ಮತ್ತ ತಡಾ ಆಗ್ತಾವಲ್ಲ?” ಎಂದರು ಸಾಹೇಬರು.

“ಆಗ್ತಾವ ಸರ್. ಆ ವೈರು ತರಿಸಿ ಕೊಡ್ರಿ. ಅಲ್ಲಿತನಕ ಆಗ್ತಾವ.”

“ಇದು ಯಾರು ಮಾಡಿದ್ದು ಅಂತ ವರದ್ಯಾಗ ಬರೀಬೇಕು? ಆಯಮ್ಮನ ಪ್ರೋಗ್ರಾಮೇ ಕೆಟ್ಟಿತ್ತೇನು? ಹಂಗೇ ಬರದುಬಿಡೋಣು.”

ಸಾಹೇಬರ ದನಿಯಲ್ಲಿ ದ್ವೇಷವಿರಲಿಲ್ಲ. ಸತ್ತವಳ ಮೇಲೆ ಹಾಕಿದರೆ ಎಲ್ಲರಿಗೂ ಹಗುರ, ಅಷ್ಟೇ.

“ಅವರದಲ್ರಿ, ನಂದು” ಎಂದ ಖಾಜಾ. “ಹೊತ್ತಿಗೆ ಮೊದ್ಲ ಜಾಗಾ ಬಿಟ್ಟೆ. ಅವರು ಬ್ಯಾಡಂತ ಹೇಳಿದ್ರು.”

ಸಾಹೇಬರು ಅವನನ್ನೇ ನೋಡಿ, ನಾಳೆ ಆಫೀಸಿಗೆ ಬಂದು ಕಾಣು ಎಂದು ಹೇಳಿ ಹೊರಟುಹೋದರು.

* * *

ಖಾಜಾ ಚಿತ್ತಾಪುರದ ರುದ್ರಭೂಮಿಗೆ ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ಜನ ಹೋಗಿಯಾಗಿತ್ತು. ಬೇವಿನ ಮರದಡಿ ಓರೆಯಾಗಿ ಬಿದ್ದಿದ್ದ ವಿಮಾನದ ಬಾಳೆಎಲೆಗೆ ಎರಡು ಆಡುಗಳು ಬಾಯಿ ಹಾಕಿದ್ದವು. ಸಂಗಣ್ಣ ಒಬ್ಬನೇ ಉಳಿದು, ಕರಿಮಣ್ಣಿನ ದಿಬ್ಬದ ಮೇಲೆ ಕೊಡದಿಂದ ನೀರು ಚಿಮುಕಿಸಿ ಕೈಯಿಂದ ಸವರುತ್ತಿದ್ದ.

“ಕೆಲಸಾ ಆತೇನ್ರಿ?” ಎಂದ.

“ಆತ್ರಿ. ಅಕ್ಕ ಮಾಡಿಟ್ಟಂಗೇ ಇಟ್ಟು ಬಂದೆ.”

ಸಂಗಣ್ಣ ತಲೆ ಆಡಿಸಿದ. ಅದರರ್ಥ ಅವನಿಗೆ ಆಯಿತೋ ಇಲ್ಲವೋ, ಕೊಡವನ್ನು ಖಾಜಾನ ಕಡೆ ಸರಿಸಿದ. “ಆ ಮಗ್ಗಲಾ ಬಿರುಕು ಬಿಟ್ಟದ ನೋಡ್ರಿ. ಮಣ್ಣು ತುಂಬಿ ಒತ್ತಿಬಿಡ್ರಿ.”

ಖಾಜಾ ಚಪ್ಪಲಿ ಬಿಟ್ಟು ಮಂಡಿಯೂರಿದ. ಒಂದು ಹಿಡಿ ಮಣ್ಣು ಬಿರುಕಿಗೆ ತುಂಬಿ, ನೀರು ಹಾಕಿ, ಅಂಗೈ ಪೂರ್ತಿ ಊರಿ ಒತ್ತಿದ. ಕೈ ತೆಗೆದಾಗ, ತೊಳೆಯದೆ ಬಂದ ಆ ಕೈಯ ಸಿಮೆಂಟಿನ ಧೂಳು ಹಸಿ ಕರಿಮಣ್ಣಿನ ಮೇಲೆ ಐದು ಬೂದು ಬೆರಳುಗಳಾಗಿ ಅಂಟಿಕೊಂಡಿತ್ತು. ಸಂಗಣ್ಣ ಅದನ್ನು ಸವರಲು ಕೈ ಚಾಚಿದವನು, ಹಾಗೇ ಹಿಂದಕ್ಕೆ ತೆಗೆದುಕೊಂಡ.